ತೆರ್ಯೊ ಕೂಗದ ಎರಡು ನಿಮಿಷ

ಎಲಿಯೂತೆರಿಯೊ ಫಮಾತಿಡ್ ಮನೆ ಎಲ್ಲಿ ಎಂದು ಇಲೊಯ್ಲೊ ಪಟ್ಟಣದಲ್ಲಿ ಕೇಳಿ ನೋಡಿ, ಪೋಸ್ಟಿನವನೂ ತಲೆ ಕೆರೆದುಕೊಳ್ಳುತ್ತಾನೆ. ನೊಂಗ್ ತೆರ್ಯೊ ಎಂದು ಕೇಳಿ, ಸಾನ್ ತೆಲ್ಮೊ ಕಾಲೇಜಿನ ಹಿಂದಿನ ಓಣಿಯ ತನಕ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ನೊಂಗ್ ಎಂದರೆ ಅಣ್ಣ. ಅರವತ್ಮೂರು ವರ್ಷದ ಆ ಮನುಷ್ಯನಿಗೆ ಹಾಲುಗಲ್ಲದ ಮಕ್ಕಳೂ ಅಣ್ಣ ಎನ್ನುತ್ತಿದ್ದರು. ಅದು ಅವನ ಗಂಟಲಿಗೆ ಸಲ್ಲುತ್ತಿದ್ದ ಮರ್ಯಾದೆ.

ಹದಿನಾರರ ಪ್ರಾಯದಲ್ಲೇ ಅವನು ಊರಿನ ಬಾಡಿಗೆ ಗಾಡಿಯಾದ ಜೀಪ್ನಿಯ ನಿಲ್ದಾಣದಲ್ಲಿ ಜನರನ್ನು ಕೂಗಿ ಹತ್ತಿಸುವ ಕೆಲಸಕ್ಕೆ ನಿಂತವನು. ಒಳಗೆ ಎಂಟು ಸೀಟು ಖಾಲಿಯಿದ್ದರೂ "ಇನ್ನಿಬ್ರು, ಇನ್ನಿಬ್ರೇ, ಹೊರಟೇಬಿಡ್ತು" ಎಂದು ಕೂಗುತ್ತಿದ್ದ. ಸುಳ್ಳೆಂದು ಗೊತ್ತಿದ್ದೂ ಜನ ಓಡಿ ಬಂದು ಹತ್ತುತ್ತಿದ್ದರು. ಕಾಲೇಜಿನ ಆಟೋಟ ನೋಡಿಕೊಳ್ಳುತ್ತಿದ್ದ ಪಾದ್ರಿ ಸೊಲ್ದೆವಿಲ್ಯ ಒಂದು ದಿನ ಹಾಗೆಯೇ ಓಡಿ ಬಂದು ಹತ್ತಿ, ಮುಕ್ಕಾಲು ಗಂಟೆ ಬೆವರಿಳಿಸಿಕೊಂಡು ಕೂತರು. ಕೊನೆಗೆ ಅವನನ್ನು ಕಿಟಕಿಯ ಬಳಿ ಕರೆದು, "ಇಷ್ಟು ಚೆನ್ನಾಗಿ ಸುಳ್ಳು ಹೇಳೋ ಗಂಟಲು ದೇವರ ಕೆಲಸಕ್ಕೆ ಬರ್ಲಿ, ನಾಳೆ ಕಾಲೇಜಿಗೆ ಬಾ" ಎಂದರು. ದೇವರ ಕೆಲಸವೆಂದರೆ ಕಾಲೇಜಿನ ಕ್ರೀಡಾಂಗಣದ ನೆಲ ಒರೆಸುವುದು, ಬೀಗ ಹಾಕುವುದು, ಆಟದ ದಿನ ಮೇಜಿನ ಹಿಂದೆ ಕೂತು ಮೈಕ್ ಹಿಡಿಯುವುದು. ತೆರ್ಯೊ ಅದನ್ನು ಮೂವತ್ತೊಂದು ವರ್ಷ ಮಾಡಿದ.

ನಮ್ಮ ದ್ವೀಪಗಳಲ್ಲಿ ಒಂದು ತೆಂಗಿನ ಮರ ನೆಟ್ಟಗೆ ನಿಂತಿದ್ದರೆ ಸಾಕು, ಅದಕ್ಕೊಂದು ಕಬ್ಬಿಣದ ಬಳೆ ಬಡಿದು ಬ್ಯಾಸ್ಕೆಟ್‌ಬಾಲ್ ಶುರು ಮಾಡುತ್ತಾರೆ. ಚಪ್ಪಲಿ ಹಾಕಿಕೊಂಡು ಆಡುವ ಓಣಿಯ ಆಟವೇ ಇರಲಿ, ಕಾಲೇಜಿನ ಪಂದ್ಯವೇ ಇರಲಿ, ಮುಗಿಯಲು ಎರಡು ನಿಮಿಷ ಉಳಿದಾಗ ಯಾರಾದರೊಬ್ಬರು "ಲಾಸ್ಟ್ ಟೂ ಮಿನಿಟ್ಸ್" ಎಂದು ಕೂಗಲೇಬೇಕು. ಪೂಜೆಗೆ ಗಂಟೆ ಹೇಗೋ ಹಾಗೆ. ಕಡಲೆಕಾಯಿ ಸುಲಿಯುತ್ತಿದ್ದವರು ಸುಲಿಯುವುದನ್ನು ನಿಲ್ಲಿಸುತ್ತಾರೆ, ಮಲಗಿದ ಮುದುಕರು ಎದ್ದು ಕೂರುತ್ತಾರೆ, ಆಟಗಾರರ ಕಾಲಿನ ಲಯವೇ ಬದಲಾಗುತ್ತದೆ. ತೆರ್ಯೊನ ಕೂಗು ಕೆಳಗಿಂದ ಎದ್ದು, ತಗಡಿನ ಸೂರಿಗೆ ಬಡಿದು, ಮೀನಿನ ಮಾರುಕಟ್ಟೆಯವರೆಗೂ ಹೋಗುತ್ತಿತ್ತು. ಅಲ್ಲಿ ಮೀನು ಕೊಯ್ಯುತ್ತಿದ್ದ ಹೆಂಗಸರು, "ಓ, ನಮ್ಮೋರು ಸೋಲೋ ಹೊತ್ತಾಯ್ತು" ಎನ್ನುತ್ತಿದ್ದರು.

ಯಾಕೆಂದರೆ ನಮ್ಮವರು ಹಾಗೆಯೇ ಸೋಲುತ್ತಿದ್ದರು. ತಂಡದ ಹೆಸರು ದೋಣಿಗರು. ದಡ ಕಾಣುವವರೆಗೆ ಚೆನ್ನಾಗಿಯೇ ಹುಟ್ಟು ಹಾಕುತ್ತಿದ್ದರು, ದಡ ಕಂಡ ಕೂಡಲೇ ಮುಳುಗುತ್ತಿದ್ದರು. ಆ ವರ್ಷವಂತೂ ಕೇಳಬೇಡಿ. ಎರಡು ನಿಮಿಷ ಇರುವಾಗ ಒಂಬತ್ತು ಅಂಕ ಮುಂದಿದ್ದು ಸೋತರು. ಏಳು ಅಂಕ ಮುಂದಿದ್ದು ಸೋತರು. ಒಮ್ಮೆ ನಮ್ಮವನೇ ಒಬ್ಬ ಗಲಿಬಿಲಿಯಲ್ಲಿ ನಮ್ಮ ಬುಟ್ಟಿಗೇ ಚೆಂಡು ಹಾಕಿ ಎದುರಾಳಿಯನ್ನು ಗೆಲ್ಲಿಸಿದ. ನಲವತ್ತು ನಿಮಿಷದ ಆಟದಲ್ಲಿ "ಮೂವತ್ತೆಂಟು ನಿಮಿಷದ ತಂಡ" ಎಂದು ಹೆಸರು ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದನ್ನು ಒಂದು ಸಲ ನೋಡಿದರೆ ಅಯ್ಯೋ ಎನಿಸುತ್ತದೆ, ಆರು ಸಲ ನೋಡಿದರೆ ನಗು ಬರುತ್ತದೆ. ಊರು ನಗುತ್ತಿತ್ತು. ತೆರ್ಯೊಗೆ ಮಾತ್ರ ನಗಲು ಆಗುತ್ತಿರಲಿಲ್ಲ, ಏಕೆಂದರೆ ತಂಡದ ಚೆಂಡು ನಡೆಸುತ್ತಿದ್ದವನು ಅವನ ಮೊಮ್ಮಗ ಕೆರ್ವಿನ್.

ಕೆರ್ವಿನ್ ಮಗಳ ಮಗ. ಮಗಳು ಹೆರಿಗೆಯಲ್ಲಿ ತೀರಿಕೊಂಡಳು, ಅಳಿಯ ಆಚೆ ದ್ವೀಪದಲ್ಲಿ ಬೇರೆ ಸಂಸಾರ ಹೂಡಿದ. ಕೂಸನ್ನು ತೆರ್ಯೊ ಮತ್ತು ಅವನ ಹೆಂಡತಿ ಸಾಲ್ವಿಂಗ್ ಸಾಕಿದರು. ಸಾಲ್ವಿಂಗ್ ಕ್ರೀಡಾಂಗಣದ ಬಾಗಿಲಲ್ಲಿ ಬೇಯಿಸಿದ ಕಡಲೆಕಾಯಿ, ಸಕ್ಕರೆ ಹಾಕಿ ಹುರಿದ ಬಾಳೆಹಣ್ಣು ಮಾರುತ್ತಿದ್ದಳು, ತೆರ್ಯೊ ಒಳಗೆ ನೆಲ ಒರೆಸುತ್ತಿದ್ದ, ಹುಡುಗ ಅಜ್ಜನ ಹಿಂದೆ ಚೆಂಡು ಪುಟಿಸುತ್ತ ಬೆಳೆದ. ಒರೆಸುತ್ತಲೇ ತೆರ್ಯೊ ಇದ್ದಕ್ಕಿದ್ದಂತೆ "ಲಾಸ್ಟ್ ಟೂ ಮಿನಿಟ್ಸ್" ಎಂದು ಕೂಗಿಬಿಡುತ್ತಿದ್ದ. ಆ ಕೂಗು ಕೇಳಿದ ಕೂಡಲೇ ಆತುರ ಬಿಡಬೇಕು, ಚೆಂಡನ್ನು ಮೈಗೆ ಹತ್ತಿರವೇ ಪುಟಿಸುತ್ತ ನಡೆಯಬೇಕು, ಚೆಂಡು ಕೈಗೆ ಬಂದಾಗಲೆಲ್ಲ ಎಸೆಯಲು ಕೊಡುವ ಇಪ್ಪತ್ನಾಲ್ಕು ಸೆಕೆಂಡನ್ನೂ ನಿಂಬೆಹಣ್ಣಿನ ಹಾಗೆ ಹಿಂಡಿ ಆಮೇಲೆ ಬುಟ್ಟಿಗೆಸೆಯಬೇಕು. ಇದೊಂದೇ ಪಾಠ. ನಾಲ್ಕು ವರ್ಷದವನಿದ್ದಾಗಲೇ ಹುಡುಗನಿಗೆ ಅದು ಮೈಗೂಡಿತ್ತು. ಮುಂದೆ ಆರೂ ಆಟ ಸೋತಾಗಲೂ ಕೂಗು ಬಿದ್ದ ಮೇಲೆ ತಲೆ ನೆಟ್ಟಗಿಟ್ಟುಕೊಂಡು ಆಡಿದವನು ಅವನೊಬ್ಬನೇ. ಚೆಂಡು ಕೈಬಿಟ್ಟವರು ಉಳಿದವರು.

ಆಟಕ್ಕೆ ಬದಲಾಗಿ ಕಾಲೇಜು ಅವನಿಗೆ ಪುಕ್ಕಟೆ ಓದು ಕೊಟ್ಟಿತ್ತು. ಹಡಗಿನ ಇಂಜಿನಿಯರಿಂಗ್, ಮೂರನೆಯ ವರ್ಷ. ಇನ್ನೊಂದು ವರ್ಷ ಕಳೆದರೆ ಬಿಳಿ ಅಂಗಿ ಹಾಕಿ ದೊಡ್ಡ ಹಡಗು ಹತ್ತುವವನು. ಆದರೆ ಆ ಸಲ ಆಡಳಿತದವರು ಒಂದು ಕಾಗದ ಅಂಟಿಸಿದರು: ತಂಡ ಮೊದಲ ನಾಲ್ಕರೊಳಗೆ ಬಾರದಿದ್ದರೆ ಮುಂದಿನ ವರ್ಷದಿಂದ ತಂಡವೂ ಇಲ್ಲ, ಆಟಗಾರರ ಪುಕ್ಕಟೆ ಓದೂ ಇಲ್ಲ. ಉಳಿದದ್ದು ಎರಡು ಆಟ. ಮೊದಲನೆಯದು ಬಾಕೊಲೊಡ್‌ನಿಂದ ಬರುವ ತಂಡದ ಮೇಲೆ. ಅದನ್ನು ಗೆದ್ದರೆ ಒಳಗೆ, ಸೋತರೆ ಎರಡನೆಯದನ್ನು ಆಡಿಯೂ ಪ್ರಯೋಜನವಿಲ್ಲ.

ಕೋಚ್ ಬೆಬೋತ್ ಮಾಡದ ಉಪಾಯವಿಲ್ಲ. ಪಾದ್ರಿಯನ್ನು ಕರೆಸಿ ಎರಡೂ ಬುಟ್ಟಿಗೆ ತೀರ್ಥ ಚಿಮುಕಿಸಿದ್ದ. ಪಾದ್ರಿ ಅತ್ತ ಹೋದ ಮೇಲೆ ಇತ್ತ ಕಂಬದ ಬುಡಕ್ಕೆ ಹುಂಜದ ರಕ್ತ ಬಿಟ್ಟಿದ್ದ. ಹುಡುಗರಿಗೆ ಕಾಲುಚೀಲ ತೊಳೆಯಬೇಡಿ ಎಂದಿದ್ದ. ಅದರಿಂದ ಎದುರಾಳಿಗಳು ಹತ್ತಿರ ಬರಲು ಅನುಮಾನಿಸಿದರೇ ಹೊರತು ಸೋಲುವುದು ನಿಲ್ಲಲಿಲ್ಲ. ಹೀಗಿರುವಾಗ, ಆಟಕ್ಕೆ ಎರಡು ದಿನವಿದೆ ಎನ್ನುವಾಗ, ಅವನು ಎಲೆಯಲ್ಲಿ ಸುತ್ತಿದ ಸಿಹಿ ಅನ್ನದ ಕಟ್ಟು ಹಿಡಿದುಕೊಂಡು ತೆರ್ಯೊನ ಮನೆಗೆ ಬಂದ. ಕೆರ್ವಿನ್ ಕಾಲೇಜಿನಲ್ಲಿದ್ದ. ಬೆಬೋತ್ ಕಡಲಿನ ಗಾಳಿಯ ಬಗ್ಗೆ ಮಾತಾಡಿದ, ಸಾಲ್ವಿಂಗ್‌ಳ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದ, ತಂದ ಕಟ್ಟಿನಲ್ಲಿ ಮೂರನ್ನು ತಾನೇ ತಿಂದ. ನಮ್ಮವರು ಕೆಟ್ಟ ಮಾತು ಆಡುವ ಮುಂಚೆ ಹೀಗೆಯೇ.

"ನೊಂಗ್, ನಿಮ್ಮ ಮೇಲೆ ನಂಗೇನೂ ಇಲ್ಲ. ದೇವರಾಣೆಗೂ ಇಲ್ಲ," ಎಂದ ಕೊನೆಗೆ.

"ಏನೂ ಇಲ್ಲ ಅಂದ್ಮೇಲೆ ಆಣೆ ಯಾಕಪ್ಪ," ಎಂದಳು ಸಾಲ್ವಿಂಗ್ ಒಲೆಯ ಬಳಿಯಿಂದ.

"ಆರು ಆಟ, ನೊಂಗ್. ಆರೂ ನೀವು ಕೂಗೋ ತನಕ ನಮ್ದು, ಕೂಗಿದ್ಮೇಲೆ ಅವ್ರದ್ದು. ನಾನು ಹೇಳ್ತಿರೋದಲ್ಲ, ಹುಡುಗ್ರೇ ಗುಸುಗುಸು ಅಂತಿದಾರೆ. ನಿಮ್ಮ ದನಿ ಕೇಳಿದ್ರೆ ಮೊಣಕಾಲು ನಡುಗುತ್ತಂತೆ."

ತೆರ್ಯೊ ಸಿಹಿ ಅನ್ನದ ಎಲೆಯನ್ನು ಮಡಿಸಿ ಕೆಳಗಿಟ್ಟ. "ಕೆರ್ವಿನ್ನೂ ಹಂಗಂದ್ನಾ?"

"ಅವನು ಅನ್ಲಿಲ್ಲ. ನಿಮ್ಮ ಮೊಮ್ಮಗ ಅಲ್ವಾ, ಅವನೆದುರು ಯಾರೂ ಬಾಯಿ ಬಿಡಲ್ಲ. ಇದೊಂದು ಆಟ, ನೊಂಗ್. ಆಡೋರ ಹೆಸರು ಹೇಳಿ, ಫೌಲ್ ಹೇಳಿ, ಏನ್ ಬೇಕಾದ್ರೂ ಹೇಳಿ. ಆ ಕೊನೇ ಎರಡು ನಿಮಿಷ ಮಾತ್ರ ಕೂಗ್ಬೇಡಿ. ಹೊತ್ತಿನ ಸುದ್ದೀನೇ ಬೇಡ. ನಾನು ಬೆಂಚಿಂದ ಟವೆಲ್ ಬೀಸಿ ತಿಳಿಸ್ತೀನಿ."

"ಹುಡುಗ್ರಿಗೆ ಹೇಳಿರ್ತೀಯ ತಾನೆ, ನಾನು ಕೂಗಲ್ಲಾಂತ?"

"ಹೇಳಿದ್ರೆ ಕೆಟ್ಟೇ ಹೋಯ್ತು. ಪೀಡೆಗೂ ಕಿವಿ ಇರುತ್ತೆ ನೊಂಗ್. ನಾವು ಬಾಯಿ ಬಿಟ್ರೆ ಅದು ಮೊದ್ಲೇ ಬಂದು ಬುಟ್ಟಿ ಮೇಲೆ ಕೂತಿರುತ್ತೆ. ನೀವೂ ಮನೇಲಿ ಆಡ್ಬೇಡಿ."

ಬೇರೆಯವನಾಗಿದ್ದರೆ ನಕ್ಕುಬಿಡುತ್ತಿದ್ದ. ತೆರ್ಯೊ ಮೀನುಗಾರನ ಮಗ. ಬಲೆ ಎಲ್ಲಿ ಬೀಸುತ್ತೇವೆಂದು ದೋಣಿ ಹೊರಡುವ ಮುಂಚೆ ಬಾಯಿಬಿಟ್ಟದ್ದಕ್ಕೆ ಅವನಪ್ಪ ಒಮ್ಮೆ ಕಪಾಳಕ್ಕೆ ಬಾರಿಸಿದ್ದ, ಆ ದಿನ ಬಲೆ ಬರಿದೇ ಬಂದದ್ದನ್ನು ಅವನು ಕಣ್ಣಾರೆ ನೋಡಿದ್ದ. ಹೊರಟ ಕೆಲಸವನ್ನು ಆಡಿ ಕೆಡಿಸಬಾರದು ಎಂಬುದು ಅವನ ಮೂಳೆಯಲ್ಲೇ ಇತ್ತು. ಅವನು ತಲೆಯಾಡಿಸಿದ.

ಬೆಬೋತ್ ಹೋದ ಮೇಲೆ ಸಾಲ್ವಿಂಗ್ ಸೌಟು ಹಿಡಿದುಕೊಂಡೇ ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಆಡೋಕೆ ಬರ್ದೇ ಇದ್ರೆ ನಿನ್ನ ಗಂಟಲೇನು ಮಾಡ್ತು? ಹುಡುಗನಿಗಾದ್ರೂ ಒಂದು ಮಾತು ಹೇಳು."

"ಬೇಡ. ನೀನೂ ಹೇಳ್ಬೇಡ. ಅವನ ಓದು, ಸಾಲ್ವಿಂಗ್. ನನ್ನ ಬಾಯಿಂದ ಅದು ಕೆಟ್ರೆ ನಾನು ಬದುಕೋದು ಹೆಂಗೆ?"

ಆಟದ ದಿನ ಬೆಳಿಗ್ಗೆ ಮೂವರೂ ಬೆಳ್ಳುಳ್ಳಿ ಅನ್ನ, ಒಣಮೀನು ತಿನ್ನುತ್ತ ಕೂತಿದ್ದರು. ಕೆರ್ವಿನ್ ಅಜ್ಜನ ಲೋಟಕ್ಕೆ ಶುಂಠಿಯ ಕಷಾಯ ಬಗ್ಗಿಸಿ ಮುಂದಿಟ್ಟ. "ಕುಡಿ ಲೋಲೊ. ಇವತ್ತು ಗಂಟಲು ಕೈ ಕೊಟ್ರೆ ನಿನ್ನ ಬಿಡಲ್ಲ," ಎಂದ. ಲೋಲೊ ಎಂದು ನಮ್ಮ ಮಕ್ಕಳು ಅಜ್ಜನನ್ನು ಕರೆಯುವುದು. ತೆರ್ಯೊ "ಹೂಂ" ಎಂದು ಕುಡಿದ. ಸಾಲ್ವಿಂಗ್ ಗಂಡನ ಮುಖ ನೋಡಿದಳು. ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಬೇಕು. ಕ್ರೀಡಾಂಗಣದ ಗೋಡೆಯ ಮೇಲಿದ್ದ ದೀಪದ ಗಡಿಯಾರ ದೊಡ್ಡ ಬಿರುಗಾಳಿಯ ವರ್ಷ ನೀರು ಕುಡಿದು ಸತ್ತಿತ್ತು. ಹೊಸದು ಬರುತ್ತದೆ ಎಂದು ಹೇಳುತ್ತಲೇ ವರ್ಷಗಳು ಕಳೆದಿದ್ದವು. ಅಂಕವನ್ನು ರಟ್ಟು ಮಗುಚಿ ತೋರಿಸುತ್ತಿದ್ದರು. ಹೊತ್ತು ತೋರಿಸುವ ಗಡಿಯಾರ ಮೇಜಿನ ಮೇಲೆ, ಮೇಜಿನವರ ಕಡೆಗೆ ಮುಖ ಮಾಡಿ ಇರುತ್ತಿತ್ತು. ಆಡುವವರಿಗೂ ನೋಡುವವರಿಗೂ ಗಡಿಯಾರವೆಂದರೆ ತೆರ್ಯೊನ ಬಾಯಿ. ಇದು ಬೆಬೋತ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತೆರ್ಯೊಗೂ ಗೊತ್ತಿತ್ತು. ದಿನಾ ಉಸಿರಾಡುವ ಗಾಳಿಯ ಬಗ್ಗೆ ಯಾರು ಯೋಚಿಸುತ್ತಾರೆ?

ಮಧ್ಯಾಹ್ನದ ಆಟ. ನಿಲ್ಲಲೂ ಜಾಗವಿರಲಿಲ್ಲ. ನಮ್ಮವರು ಆ ದಿನ ಆಡಿದ್ದನ್ನು ನೋಡಿದ್ದರೆ ಮೂವತ್ತೆಂಟು ನಿಮಿಷದ ತಂಡ ಎಂದವರ ನಾಲಿಗೆ ಬಿದ್ದುಹೋಗಬೇಕು. ಕೆರ್ವಿನ್ ಮೀನಿನ ಹಾಗೆ ನುಸುಳುತ್ತಿದ್ದ. ಗಡಿಯಾರದಲ್ಲಿ ಎರಡು ನಿಮಿಷ ಉಳಿದಾಗ ಎಪ್ಪತ್ತೊಂದು, ಅರವತ್ತಾರು. ನಾವು ಐದು ಮುಂದೆ, ಚೆಂಡು ಕೆರ್ವಿನ್ ಕೈಯಲ್ಲಿ.

ತೆರ್ಯೊನ ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು. ಮೂವತ್ತೊಂದು ವರ್ಷದ ರೂಢಿಯಿಂದ ಗಾಳಿ ಎದೆಯಲ್ಲಿ ತುಂಬಿಕೊಂಡು ಗಂಟಲಿಗೆ ಬಂದೇ ಬಂತು. ಅವನು ಅದನ್ನು ನುಂಗಿದ. ಬೆಂಚಿನಲ್ಲಿ ಬೆಬೋತ್ ಟವೆಲ್ ಬೀಸಿದ. ಆದರೆ ಬಿಸಿಲ ಧಗೆಗೆ ಅಂದು ಕ್ರೀಡಾಂಗಣದಲ್ಲಿ ಟವೆಲ್ ಬೀಸಿಕೊಳ್ಳದವರು ಯಾರು?

ಕೆರ್ವಿನ್ ಓಡುತ್ತಲೇ ಮೇಜಿನ ಕಡೆ ಒಮ್ಮೆ ನೋಡಿದ. ತೆರ್ಯೊ ಕಣ್ಣು ತಪ್ಪಿಸಿ ಮುಂದಿದ್ದ ಕಾಗದ ನೋಡತೊಡಗಿದ. ಕೂಗು ಬರಲಿಲ್ಲ ಎಂದ ಮೇಲೆ ಇನ್ನೂ ಹೊತ್ತಿದೆ, ಚೆಂಡು ಹಿಡಿದಿಟ್ಟು ಸೆಕೆಂಡು ಹಿಂಡುವ ಗಳಿಗೆ ಬಂದಿಲ್ಲ. ಹುಡುಗ ತಡಮಾಡದೆ ದೂರದಿಂದಲೇ ಬುಟ್ಟಿಗೆಸೆದ. ಚೆಂಡು ಬಳೆಗೆ ಬಡಿದು ಆಚೆ ಸಿಡಿಯಿತು, ಬಾಕೊಲೊಡ್‌ನವರು ಹಿಡಿದುಕೊಂಡು ಓಡಿ ಎರಡು ಅಂಕ ತಂದರು. ಮತ್ತೆ ನಮ್ಮ ಚೆಂಡು. ಮತ್ತೆ ಮೇಜಿನ ಕಡೆ ಆ ನೋಟ. ಮತ್ತೆ ಅವಸರದ ಎಸೆತ, ಅದೂ ಹುಸಿ. ಅವರು ಮೂರು ಅಂಕದ ಗೆರೆಯಾಚೆಯಿಂದ ಹಾಕಿ ಸರಿಸಮ ಮಾಡಿದರು, ಆಮೇಲೆ ಒಂದು ಫೌಲಿನಿಂದ ಒಂದು ಅಂಕ ಮುಂದಾದರು. ಬೆಬೋತ್ ಗಂಟಲು ಹರಿದುಕೊಳ್ಳುತ್ತಿದ್ದ. ವಿರಾಮ ಕೇಳೋಣವೆಂದರೆ ತನ್ನ ಪಾಲಿನದನ್ನೆಲ್ಲ ಸಿಟ್ಟಿನಲ್ಲಿ ಮೊದಲೇ ಮುಗಿಸಿಕೊಂಡಿದ್ದ. ಅಷ್ಟು ಜನರ ಗಲಾಟೆಯಲ್ಲಿ ಅವನ ದನಿ ಯಾರಿಗೆ ಕೇಳಬೇಕು? ಆ ಗಲಾಟೆಯನ್ನು ಸೀಳುವ ಗಂಟಲು ಊರಿನಲ್ಲಿ ಒಂದೇ ಇದ್ದದ್ದು.

ಹನ್ನೊಂದು ಸೆಕೆಂಡು ಉಳಿದಿತ್ತು. ಕೆರ್ವಿನ್ ಚೆಂಡು ಹಿಡಿದು, ಉಸಿರು ತಿರುಗಿಸಿಕೊಂಡು, ಸಾವಧಾನವಾಗಿ ನಡೆದುಕೊಂಡು ಬಂದ. ಆಟ ಇನ್ನೂ ಉದ್ದವಿದೆ, ಆತುರಪಟ್ಟು ಎರಡು ಸಲ ಕೆಡಿಸಿದ್ದು ಸಾಕು ಎಂಬಂತಿತ್ತು ಅವನ ಮುಖ. ತೆರ್ಯೊ ಗಡಿಯಾರ ನೋಡಿದ, ಹುಡುಗನನ್ನು ನೋಡಿದ. ಹುಡುಗನಿಗೆ ಹೊತ್ತೇ ಗೊತ್ತಿಲ್ಲ ಎಂದು ಆಗ ಅವನಿಗೆ ಹೊಳೆಯಿತು. ಮೈಕನ್ನು ಬಾಯಿಗೆ ತಂದ. ಗಂಟಲಿನಿಂದ ಏನೋ ಹೊರಟಿತು, ಅದು ಮಾತಾಗುವ ಮುಂಚೆ ಮುಗಿತಾಯದ ಕೊಂಬು ಮೊಳಗಿತು. ಕೆರ್ವಿನ್ ಚೆಂಡು ಪುಟಿಸುತ್ತಲೇ ಇದ್ದ. ಎಲ್ಲರೂ ನಿಂತಿರುವುದನ್ನು ಕಂಡು ಅವನೂ ನಿಂತ.

ಊರು ಹುಡುಗನನ್ನು ಬಿಡಲಿಲ್ಲ. ಹಡಗು ನಡೆಸುವವನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದರು. ಚೆಂಡನ್ನು ಎತ್ತಿಕೊಂಡು ಸಂತೆಗೆ ಹೊರಟಿದ್ದ ಎಂದರು. ಬಾಕೊಲೊಡ್‌ನವರಿಂದ ಏನೋ ತಿಂದಿದ್ದಾನೆ ಎಂದವರೂ ಇದ್ದರು. ನಾನು ಆ ಮಾತು ಆಡಿದವನನ್ನು ಬಲ್ಲೆ, ಇಂದಿಗೂ ಅವನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಬೆಬೋತ್ ತುಟಿ ಬಿಚ್ಚಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಕೆರ್ವಿನ್ ತಟ್ಟೆ ಮುಟ್ಟಲಿಲ್ಲ. "ಮೈಕ್ ಕೆಟ್ಟಿತ್ತಾ ಲೋಲೊ?" ಎಂದು ಕೇಳಿದ. "ನೀನು ಕೂಗ್ತೀಯಾಂತ ಕಾಯ್ತಿದ್ದೆ."

ಕೆಟ್ಟಿತ್ತು ಎಂದಿದ್ದರೆ ನಂಬುತ್ತಿದ್ದ. ಹದಿನಾರರಿಂದಲೂ ಸುಳ್ಳು ಕೂಗಿ ಬದುಕಿದವನಿಗೆ ಅದೇನು ದೊಡ್ಡ ಮಾತು? ಆದರೆ ತೆರ್ಯೊಗೆ ಆಗಲಿಲ್ಲ. ಬೆಬೋತ್ ಬಂದದ್ದು, ತಾನು ಒಪ್ಪಿದ್ದು, ಬಾಯಿಬಿಟ್ಟರೆ ಕೆಡುತ್ತದೆಂದು ಹೆದರಿದ್ದು, ಎಲ್ಲ ಹೇಳಿದ. ಹೇಳುವಾಗ ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಸಾಲ್ವಿಂಗ್ ಒಲೆಯ ಬಳಿಯಿಂದ ಹತ್ತಿರ ಬಂದು ನಿಲ್ಲಬೇಕಾಯಿತು.

ಹುಡುಗ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ಬೆಳಿಗ್ಗೆ ತಿಂಡಿ ತಿಂತಾ ಕೂತಿದ್ವಲ್ಲ," ಎಂದ. "ಆಗ ಹೇಳ್ಬಹುದಿತ್ತು."

"ತೋತೊ," ಎಂದ ತೆರ್ಯೊ. ಮಗು, ಕಂದ ಎಂದಂತೆ ಆ ಮಾತು.

"ಹೋಗ್ಲಿ ಬಿಡು ಲೋಲೊ. ನೀನು ನನಗೋಸ್ಕರಾನೇ ಮಾಡಿದ್ದು."

ಮೂರನೆಯ ದಿನ ಬೆಳಿಗ್ಗೆ ಕೆರ್ವಿನ್ ಎಸ್ತಾನ್ಸಿಯಾ ಬಂದರಿಗೆ ಹೊರಟ. ಅಲ್ಲಿ ಸಾಲ್ವಿಂಗ್‌ಳ ತಮ್ಮ ಮೀನಿನ ದೋಣಿಯಲ್ಲಿದ್ದ, ಬಲೆ ಎಳೆಯಲು ಒಬ್ಬ ಬೇಕಾಗಿತ್ತು. ಇನ್ನೊಂದು ಆಟ ಇದೆಯಲ್ಲ, ಅದಾದರೂ ಮುಗಿಸಿ ಹೋಗು ಎಂದು ಅಜ್ಜಿ ಅಂದರೆ, "ಅದರಿಂದ ಏನಾಗ್ಬೇಕು ಲೋಲಾ" ಎಂದ. ಹಡಗಿನ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟ. ಬಸ್ಸಿನವರೆಗೆ ತೆರ್ಯೊ ಚೀಲ ಹೊತ್ತುಕೊಂಡು ಬಂದ. ಹತ್ತುವ ಮುಂಚೆ ಹುಡುಗ, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವ ಹಾಗೆ, ಅಜ್ಜನ ಕೈಯನ್ನು ಹಣೆಗೆ ಒತ್ತಿಕೊಂಡ. ತೆರ್ಯೊ ಎಷ್ಟು ನೋಡಿದರೂ ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದರೆ ಅದು ಇಳಿದ ದಿನ ಮರಳಿ ಬರುತ್ತಾನೆ ಎನ್ನಬಹುದಿತ್ತು.

ಕೊನೆಯ ಆಟದ ಹಿಂದಿನ ದಿನ ಬೆಬೋತ್ ಮತ್ತೆ ಬಂದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ, ಗಾಳಿಯ ಮಾತೂ ಆಡಲಿಲ್ಲ. ಬಾಗಿಲಲ್ಲೇ ನಿಂತು, "ನಾಳೆ ಕೂಗಿ ನೊಂಗ್," ಎಂದ. "ಕಳ್ಕೊಳ್ಳೋಕೆ ಇನ್ನೇನಿದೆ."

ಮರುದಿನ ಕ್ರೀಡಾಂಗಣ ಅರ್ಧ ಖಾಲಿಯಿತ್ತು. ಕೆರ್ವಿನ್ ಜಾಗದಲ್ಲಿ ಎರಡನೆಯ ವರ್ಷದ ಹುಡುಗನೊಬ್ಬ ಆಡುತ್ತಿದ್ದ. ಎರಡು ನಿಮಿಷ ಉಳಿದಾಗ ನಮ್ಮವರು ನಾಲ್ಕು ಮುಂದೆ. ತೆರ್ಯೊ ಮೈಕ್ ಎತ್ತಿದ. ಎತ್ತುವಾಗ ಅವನ ಮನಸ್ಸಿನಲ್ಲಿ ಬಂದದ್ದನ್ನು ಅವನೇ ಆಮೇಲೆ ನನಗೆ ಹೇಳಿದ. ದೇವರೇ, ಇವರು ಸೋಲಲಿ, ಎಂದುಕೊಂಡನಂತೆ. ಮೂವತ್ತೊಂದು ವರ್ಷ ಆ ತಂಡಕ್ಕಾಗಿ ಮೊಣಕಾಲೂರಿದವನು. ನಾನು ಕೂಗಿದ ಮೇಲೆ ಇವರು ಸೋತರೆ ಪೀಡೆ ಇದ್ದದ್ದು ನನ್ನ ಗಂಟಲಲ್ಲೇ ಎಂದಾಗುತ್ತದೆ, ಅವತ್ತು ಸುಮ್ಮನಿದ್ದದ್ದು ತಪ್ಪಲ್ಲ ಎಂದಾಗುತ್ತದೆ, ಹುಡುಗನ ಬದುಕು ಹಾಳಾದದ್ದು ನನ್ನಿಂದಲ್ಲ ಎಂದಾಗುತ್ತದೆ.

"ಲಾಸ್ಟ್ ಟೂ ಮಿನಿಟ್ಸ್."

ಮೀನಿನ ಮಾರುಕಟ್ಟೆಯವರೆಗೂ ಕೇಳಿಸಿತಂತೆ. ಎರಡನೆಯ ವರ್ಷದ ಆ ಹುಡುಗ ತಟ್ಟನೆ ಓಟ ನಿಲ್ಲಿಸಿ ಚೆಂಡನ್ನು ಮೈಗೆ ಹತ್ತಿರ ಇಟ್ಟುಕೊಂಡ. ಐದು ಜನರೂ ಒಂದೇ ಉಸಿರಿನಲ್ಲಿ ನಿಧಾನವಾದರು. ಇಪ್ಪತ್ನಾಲ್ಕು ಸೆಕೆಂಡು ಹಿಂಡಿದರು, ಹಾಕಿದರು. ಮತ್ತೆ ಹಿಂಡಿದರು, ಹಾಕಿದರು. ಆರು ಅಂಕದಿಂದ ಗೆದ್ದರು. ಎದುರಾಳಿ ತಂಡ ಬಡಪಾಯಿಯಾಗಿತ್ತು, ಕಳೆದುಕೊಳ್ಳಲು ಏನೂ ಇಲ್ಲದ ಹುಡುಗರ ಕೈ ಹಗುರವಾಗಿತ್ತು ಎಂದು ಆಟ ತಿಳಿದವರು ಹೇಳುತ್ತಾರೆ. ಇರಬಹುದು. ತೆರ್ಯೊನ ಎದುರು ಕೂತು ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವನು ಹೊರಗೆ ಬಂದಾಗ ಸಾಲ್ವಿಂಗ್ ಕಡಲೆಕಾಯಿಯ ಪಾತ್ರೆ ಮುಚ್ಚುತ್ತಿದ್ದಳು. ದಾಟಿ ಹೋಗುವವರೆಲ್ಲ ಅವನ ಬೆನ್ನು ತಟ್ಟುತ್ತಿದ್ದರು. "ನೊಂಗ್, ಇವತ್ತು ನೀವು ಕೂಗಿದ್ರಲ್ಲ, ಅದಕ್ಕೇ ಗೆದ್ದದ್ದು," ಎಂದ ಒಬ್ಬ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ತೆರ್ಯೊ ಎಲ್ಲರಿಗೂ ತಲೆಯಾಡಿಸಿದ. ಜನ ಕರಗಿದ ಮೇಲೆ ಹೆಂಡತಿಯ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತ.

"ಸೋಲ್ಬಹುದಿತ್ತಲ್ಲ, ಸಾಲ್ವಿಂಗ್," ಎಂದ. "ಇದೊಂದು ಆಟ ಸೋತಿದ್ರೆ ಆಗ್ತಿತ್ತು."